ದೀಪದ ತಂತಿಯಲ್ಲಿ ಅಂತರ್ಜಾಲ

ದೀಪ ಹತ್ತಿಸಲೆಂದು ಮನೆಯ ಗೋಡೆಗಳಲ್ಲಿ ಎಳೆದ ತಂತಿಯಿಂದಲೇ ಅಂತರ್ಜಾಲವನ್ನೂ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಒಯ್ಯಬಹುದೆಂದು ಯಾರಾದರೂ ಹೇಳಿದ್ದರೆ, ಒಂದು ವರುಷದ ಹಿಂದೆ ನಾನು ನಂಬುತ್ತಿರಲಿಲ್ಲ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಇತಿಹಾಸ, ಅರ್ಥಶಾಸ್ತ್ರಗಳು ನನ್ನ ವಿಷಯಗಳು. ವಿದ್ಯುಚ್ಛಕ್ತಿಗೂ ನನಗೂ ಇದ್ದ ನಂಟು ಹೋದ ಫ್ಯೂಜನ್ನು ಹಾಕುವಷ್ಟರದು. ಆದರೂ ಈ ವಿಷಯವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿ ಒದಗಿದ ಒಂದು ಪ್ರಸಂಗ.

ನಮ್ಮದು ಹಳಿಯಾಳ ತಾಲೂಕಿನ ಒಂದು ಹಳ್ಳಿ. ಮನೆ ಅಜ್ಜನ ಕಾಲದ್ದು. ಮುಂದೆ ಕಟ್ಟೆ, ನಡುವೆ ಪಡಸಾಲೆ, ಆಮೇಲೆ ದೇವರಕೋಣೆ, ಅಡಿಗೆಮನೆ, ಕೊನೆಗೆ ಹಿತ್ತಲ ಕಡೆಯ ಕೋಣೆ. ಕಲ್ಲು ಮಣ್ಣು ಸೇರಿಸಿ ಕಟ್ಟಿದ ಗೋಡೆಗಳು ಒಂದೂವರೆ ಅಡಿ ದಪ್ಪವಾಗಿವೆ. ಕಳೆದ ವರುಷ ಅಕ್ಕ ಬಾಣಂತನಕ್ಕೆಂದು ತವರಿಗೆ ಬಂದಳು. ವಾಡಿಕೆಯಂತೆ ಅವಳಿಗೂ ಕೂಸಿಗೂ ಹಿತ್ತಲ ಕೋಣೆಯನ್ನೇ ಬಿಟ್ಟುಕೊಟ್ಟೆವು. ಆಕೆ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ನೌಕರಿಯಲ್ಲಿದ್ದಾಳೆ. ರಜೆ ಮುಗಿದ ಮೇಲೆ ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಅವರು ಒಪ್ಪಿದ್ದರು. ಆದರೆ ವೈಫೈ ಪೆಟ್ಟಿಗೆ, ಅಂದರೆ ರೌಟರ್, ಇರುವುದು ಮುಂದಿನ ಪಡಸಾಲೆಯಲ್ಲಿ. ದಿನವೂ ಮುಂಜಾನೆ ಹತ್ತಕ್ಕೆ ಮೇಲಧಿಕಾರಿಗಳೊಡನೆ ವೀಡಿಯೋ ಕರೆ. ಎರಡು ನಿಮಿಷ ಮಾತಾಡುವಷ್ಟರಲ್ಲಿ ಚಿತ್ರ ನಿಂತುಬಿಡುವುದು, ಧ್ವನಿ ತುಂಡಾಗುವುದು. "ತಮ್ಮಾ, ಮತ್ತ ಕಟ್ ಆತು ನೋಡೋ!" ಎಂದು ಅಕ್ಕ ಒಳಗಿನಿಂದ ಕೂಗುವುದು ನಮಗೆ ನಿತ್ಯದ ಮಾತಾಯಿತು. ಹೀಗೆಯೇ ನಡೆದರೆ ಕಚೇರಿಗೇ ಬಂದು ಕೆಲಸ ಮಾಡಬೇಕಾಗುವುದೆಂದು ಮೇಲಿನವರು ಎರಡು ಸಲ ಎಚ್ಚರಿಸಿದರು. ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಹುಬ್ಬಳ್ಳಿಗೆ ಹೋಗುವುದು ಸಾಧ್ಯವಿರಲಿಲ್ಲ. ನೌಕರಿ ಬಿಟ್ಟರೆ ಅವಳ ಸಂಸಾರ ಸಾಗುವಂತಿರಲಿಲ್ಲ.

ವೈಫೈ ಎಂಬುದು ರೇಡಿಯೋ ಅಲೆ. ನಮ್ಮ ಮನೆಗಳ ರೌಟರುಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಅಂದರೆ ಸೆಕೆಂಡಿಗೆ ಕ್ರಮವಾಗಿ 240 ಕೋಟಿ ಮತ್ತು 500 ಕೋಟಿ ಸಲದಷ್ಟು ಕಂಪಿಸುವ ಅಲೆಗಳು. ಕಂಪನ ಹೆಚ್ಚಿದಷ್ಟೂ ಅಲೆಯು ಗೋಡೆಯನ್ನು ದಾಟುವುದು ಕಷ್ಟ. ತೆಳುವಾದ ಇಟ್ಟಿಗೆ ಗೋಡೆಯಾದರೆ ಹೇಗೋ ನುಸುಳೀತು. ದಪ್ಪ ಕಲ್ಲುಗೋಡೆ, ಮಳೆಗಾಲದಲ್ಲಿ ನೀರು ಹೀರಿ ತಂಪಾದ ಮಣ್ಣುಗೋಡೆ, ಸರಳು ಹಾಕಿದ ಕಾಂಕ್ರೀಟು, ಇವು ಅದನ್ನು ಬಲು ಮಟ್ಟಿಗೆ ನುಂಗಿಬಿಡುತ್ತವೆ. ಅಡಿಗೆಮನೆಯ ಸ್ಟೀಲಿನ ಕಪಾಟು, ತಾಮ್ರದ ಹಂಡೆಗಳಂತೂ ಅಲೆಯನ್ನು ಹಿಂದಕ್ಕೇ ತಳ್ಳುತ್ತವೆ. ನಮ್ಮ ಮನೆಯಲ್ಲಿ ರೌಟರಿಗೂ ಅಕ್ಕನಿಗೂ ನಡುವೆ ಇಂಥ ನಾಲ್ಕು ಗೋಡೆಗಳೂ ಒಂದು ಕಪಾಟೂ ಇದ್ದುವು.

ಹಾಗಾದರೆ ಪಡಸಾಲೆಯಿಂದ ಹಿತ್ತಲಿಗೆ ನೇರವಾಗಿ ಒಂದು ಕೇಬಲ್ ಎಳೆಯಬಾರದೇ ಎಂದು ವಾಚಕರು ಕೇಳಬಹುದು. ಅದೇ ಎಲ್ಲಕ್ಕಿಂತ ಉತ್ತಮವಾದ ಉಪಾಯ, ಸಂದೇಹವಿಲ್ಲ. ಆದರೆ ದೇವರಕೋಣೆಯ ಗೋಡೆಗೆ ತೂತು ಕೊರೆಯಲು ಅಪ್ಪ ಸುತರಾಂ ಒಪ್ಪಲಿಲ್ಲ. ಕೊರೆದರೆ ಹಳೆಯ ಮಣ್ಣುಗೋಡೆ ಎಲ್ಲಿಯವರೆಗೆ ಉದುರೀತೆಂದು ಹೇಳುವವರೂ ಇರಲಿಲ್ಲ. ಅಟ್ಟದ ಮೇಲಿಂದ ಎಳೆದ ಟಿ.ವಿ. ಕೇಬಲನ್ನು ಇಲಿಗಳು ಈ ಮೊದಲೇ ಎರಡು ಸಲ ಕಡಿದಿದ್ದುವು. ಹೀಗೆ ದಾರಿ ಕಾಣದೆ ಕುಳಿತಾಗ, ನಮ್ಮ ಕಾಲೇಜಿನಲ್ಲಿ ಗಣಕಯಂತ್ರ ಕಲಿಸುವ ಗುರುಗಳು ತಮ್ಮಲ್ಲಿದ್ದ ಒಂದು ಜೊತೆ ಪವರ್‌ಲೈನ್ ಅಡಾಪ್ಟರುಗಳನ್ನು ಹದಿನೈದು ದಿನಗಳ ಮಟ್ಟಿಗೆ ಎರವಲು ಕೊಟ್ಟರು.

ನೋಡಲು ಅವು ದೊಡ್ಡ ಮೊಬೈಲ್ ಚಾರ್ಜರಿನಂತೆ ಇದ್ದುವು. ಒಂದನ್ನು ರೌಟರಿನ ಹತ್ತಿರದ ಪ್ಲಗ್ಗಿಗೆ ಸಿಕ್ಕಿಸಿ, ಒಂದು ಗಿಡ್ಡ ಕೇಬಲಿನಿಂದ ರೌಟರಿಗೆ ಜೋಡಿಸಬೇಕು. ಇನ್ನೊಂದನ್ನು ಬೇಕಾದ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿ, ಅಲ್ಲಿಂದ ಗಣಕಯಂತ್ರಕ್ಕೆ ಕೇಬಲ್ ಕೊಡಬೇಕು. ನಡುವಿನ ದಾರಿಯೆಲ್ಲ ಗೋಡೆಯೊಳಗಿನ ದೀಪದ ತಂತಿಯದೇ. ಅವ್ವ ಇದನ್ನು ನೋಡಿ, "ಕರೆಂಟ್ ಹರಿಯೋ ತಂತ್ಯಾಗ ಮಾತೂ ಹರಿತೈತಿ ಅಂತೀಯಲ್ಲ, ಪಾಪ ಅಕ್ಕನ ಕೈಗೆ ಶಾಕ್ ಹೊಡೆಯಂಗಿಲ್ಲೇನ?" ಎಂದು ಕೇಳಿದಳು. ಅವಳ ಪ್ರಶ್ನೆಯಲ್ಲಿಯೇ ಈ ಯಂತ್ರದ ಗುಟ್ಟೆಲ್ಲ ಅಡಗಿದೆಯಾದುದರಿಂದ ಅದಕ್ಕೆ ಸ್ವಲ್ಪ ವಿಸ್ತಾರವಾಗಿ ಉತ್ತರ ಹೇಳಬೇಕು.

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಸೆಕೆಂಡಿಗೆ 50 ಸಲ ಮಾತ್ರ ಕಂಪಿಸುತ್ತದೆ. ಅಡಾಪ್ಟರು ಅದೇ ತಂತಿಯ ಮೇಲೆ ಸೆಕೆಂಡಿಗೆ ಸುಮಾರು 20 ಲಕ್ಷದಿಂದ ಕೋಟಿಗಟ್ಟಲೆ ಸಲ ಕಂಪಿಸುವ, ಬಲು ಕ್ಷೀಣವಾದ ಸಂಕೇತವನ್ನು ಹೇರುತ್ತದೆ. ಜಾತ್ರೆಯ ಮೆರವಣಿಗೆಯಲ್ಲಿ ಡೊಳ್ಳು ಗುಡುಗುತ್ತಿದ್ದರೂ ಸನಾದಿಯ ಸ್ವರ ನಮ್ಮ ಕಿವಿಗೆ ಬೇರೆಯಾಗಿ ಕೇಳಿಸುವುದಿಲ್ಲವೇ? ಒಂದು ತಗ್ಗಿನ ನಾದ, ಇನ್ನೊಂದು ಎತ್ತರದ ನಾದ. ಎರಡೂ ಒಂದೇ ಗಾಳಿಯಲ್ಲಿ ಬಂದರೂ ಒಂದಕ್ಕೊಂದು ಬೆರೆತುಹೋಗುವುದಿಲ್ಲ. ಅಡಾಪ್ಟರಿನೊಳಗಿನ ಸೋಸುಮಂಡಲವು ಈ ಕಿವಿಯ ಕೆಲಸವನ್ನೇ ಮಾಡುತ್ತದೆ. 50 ಕಂಪನದ ಬಲವಾದ ವಿದ್ಯುತ್ತನ್ನು ಆಚೆಗೇ ತಡೆದು, ಎತ್ತರದ ಕಂಪನದ ಸಂಕೇತವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಆದುದರಿಂದ ಕೇಬಲಿನಲ್ಲಿ ಅಕ್ಕನ ಗಣಕಯಂತ್ರಕ್ಕೆ ಹೋಗುವುದು ಸಂಕೇತವೇ ಹೊರತು ಮನೆಯ ಕರೆಂಟಲ್ಲ.

ಇದು ತೀರ ಹೊಸ ಕಲ್ಪನೆಯೂ ಅಲ್ಲ. ನಮ್ಮ ಕಾಳಿ ನದಿಗೆ ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಕಟ್ಟಿದೆ. ಕೆಳಗೆ ಅಂಬಿಕಾನಗರದ ಬಳಿ ನಾಗಝರಿ ವಿದ್ಯುದಾಗಾರವಿದೆ. ಅಲ್ಲಿಂದ ಹೊರಡುವಂಥ ಉನ್ನತ ಒತ್ತಡದ ಮಾರ್ಗಗಳನ್ನು ನಾವು ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತೇವೆ. ಅಂಥ ಮಾರ್ಗಗಳ ತಂತಿಯ ಮೇಲೆಯೇ ಒಂದು ಕೇಂದ್ರದವರು ಇನ್ನೊಂದು ಕೇಂದ್ರದವರೊಡನೆ ಟೆಲಿಫೋನಿನಲ್ಲಿ ಮಾತಾಡುವ, ಅಪಾಯದ ಸೂಚನೆ ಕಳಿಸುವ ಪದ್ಧತಿ ಜಗತ್ತಿನಲ್ಲಿ ಬಹುಕಾಲದಿಂದ ಇದೆ. ನಮ್ಮ ದೇಶದಲ್ಲಿಯೂ ಉಂಟು. ದೊಡ್ಡ ವಿದ್ಯುತ್ ಉಪಕೇಂದ್ರಗಳಲ್ಲಿ ತಂತಿಯ ಕೊನೆಗೆ ಪೀಪಾಯಿಯಂಥ ಸುರುಳಿಗಳನ್ನು ತೂಗುಹಾಕಿರುತ್ತಾರೆ. ಅವನ್ನು ವೇವ್ ಟ್ರ್ಯಾಪ್ ಎನ್ನುತ್ತಾರೆ. ಮಾತಿನ ಸಂಕೇತವು ಬೇಡವಾದ ಕಡೆಗೆ ಹೋಗದಂತೆ ತಡೆಯುವುದು ಅವುಗಳ ಕೆಲಸ. ಇದೇ ಉಪಾಯವನ್ನು ಮನೆಯೊಳಗೆ, ಬಹಳ ಹೆಚ್ಚಿನ ವೇಗದಲ್ಲಿ ಬಳಸುವುದಕ್ಕೆ 2001ರಲ್ಲಿ ಹೋಮ್‌ಪ್ಲಗ್ ಎಂಬ ಮಾನಕ ಬಂದಿತು. ಅದರ ವೇಗ ಸೆಕೆಂಡಿಗೆ 14 ಮೆಗಾಬಿಟ್. 2005ರ ಹೋಮ್‌ಪ್ಲಗ್ ಎವಿ ಎಂಬುದು 200ಕ್ಕೆ ಏರಿತು. ಆಮೇಲೆ ಎವಿ2, ಜಿ.ಎಚ್‌ಎನ್ ಎಂಬ ಇನ್ನೂ ವೇಗದ ಮಾನಕಗಳು ಬಂದುವು.

ಹೋಮ್‌ಪ್ಲಗ್ ಎವಿ ತನ್ನ ಸಂಕೇತವನ್ನು ಒಂದೇ ಕಂಪನದಲ್ಲಿ ಕಳಿಸದೆ ಒಂಬೈನೂರಕ್ಕೂ ಮಿಕ್ಕಿದ ಸಣ್ಣ ಸಣ್ಣ ದಾರಿಗಳಲ್ಲಿ ಹಂಚಿ ಕಳಿಸುತ್ತದೆ. ಯಾವ ದಾರಿಯಲ್ಲಿ ಗದ್ದಲ ಹೆಚ್ಚೋ ಅಲ್ಲಿ ಕಡಿಮೆ ಹೊರೆ, ಯಾವುದು ಶಾಂತವೋ ಅಲ್ಲಿ ಹೆಚ್ಚು ಹೊರೆ. ಇದನ್ನು ತಿಳಿದರೆ, ಒಂದೇ ಡಬ್ಬಿ ಒಬ್ಬರ ಮನೆಯಲ್ಲಿ ಓಡಿ ಇನ್ನೊಬ್ಬರ ಮನೆಯಲ್ಲಿ ಕುಂಟುವುದೇಕೆಂಬುದು ಅರ್ಥವಾಗುತ್ತದೆ. ಅಡಾಪ್ಟರನ್ನು ಆರಿಸುವವರು ಮೊದಲು ಪರೀಕ್ಷಿಸಬೇಕಾದುದು ಅಂಗಡಿಯ ಡಬ್ಬಿಯನ್ನಲ್ಲ, ತಮ್ಮ ಮನೆಯ ತಂತಿಯನ್ನು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ನಾನು ಆ ಹದಿನೈದು ದಿನ ಒಂದು ನೋಟುಬುಕ್ಕಿನಲ್ಲಿ ವೇಗವನ್ನು ಬರೆದಿಟ್ಟೆ. ನಮ್ಮ ಸಂಪರ್ಕ 100 ಮೆಗಾಬಿಟ್ಟಿನದು. ರೌಟರಿನ ಪಕ್ಕದಲ್ಲಿ ಕೇಬಲ್ ಹಾಕಿ ನೋಡಿದಾಗ 94 ಬಂದಿತು. ಹಿತ್ತಲ ಕೋಣೆಯಲ್ಲಿ ವೈಫೈ ಒಮ್ಮೆ 4, ಒಮ್ಮೆ 1, ಒಮ್ಮೆ ಏನೂ ಇಲ್ಲ. ಅಡಾಪ್ಟರನ್ನು ಮೊದಲ ಸಲ ಹಾಕಿದಾಗ ಬಂದುದು ಬರಿಯ 17. ನನಗೆ ನಿರಾಶೆಯಾಯಿತು. ಮರುದಿನ ಗುರುಗಳನ್ನು ಕೇಳಲು, "ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ದೀಯೇನಪ್ಪ?" ಎಂದರು. ಹಾಗೆಯೇ ಮಾಡಿದ್ದೆ! ಬೋರ್ಡನ್ನು ತೆಗೆದು ಎರಡನ್ನೂ ಗೋಡೆಯ ಪ್ಲಗ್ಗಿಗೇ ನೇರವಾಗಿ ಹಾಕಿದೊಡನೆ 58ಕ್ಕೆ ಏರಿತು. ಸಿಡಿಲು, ಹೆಚ್ಚಿನ ವೋಲ್ಟು ತಡೆಯುವ ಬೋರ್ಡುಗಳಲ್ಲಿ ಎತ್ತರದ ಕಂಪನಗಳನ್ನು ನುಂಗುವ ಬಿಡಿಭಾಗಗಳಿರುತ್ತವೆ. ಅವು ಗದ್ದಲದೊಂದಿಗೆ ನಮ್ಮ ಸಂಕೇತವನ್ನೂ ನುಂಗಿಬಿಡುತ್ತವೆ. ಅವ್ವ ಮಿಕ್ಸರ್ ತಿರುಗಿಸಿದಾಗ 58 ಇದ್ದುದು 33ಕ್ಕೆ ಇಳಿಯುತ್ತಿತ್ತು. ವೀಡಿಯೋ ಕರೆಗೆ ಮೂರು ನಾಲ್ಕು ಮೆಗಾಬಿಟ್ ಸಾಕಾದುದರಿಂದ ಚಟ್ನಿಯೂ ಆಯಿತು, ಕರೆಯೂ ಕಡಿಯಲಿಲ್ಲ.

ಇನ್ನು ಕೊಳ್ಳಬಯಸುವ ಮಿತ್ರರಿಗೆ ಕೆಲವು ಸೂಚನೆಗಳನ್ನು ಹೇಳುತ್ತೇನೆ.

ಮೊದಲನೆಯದು ಫೇಸಿನ ಮಾತು. ಎರಡೂ ಪ್ಲಗ್ಗುಗಳು ಒಂದೇ ಮೀಟರಿನ, ಒಂದೇ ಫೇಸಿನ ಮೇಲಿದ್ದರೆ ಒಳ್ಳೆಯದು. ನಮ್ಮ ಮನೆಯದು ಸಿಂಗಲ್ ಫೇಸಾದುದರಿಂದ ಆ ಚಿಂತೆ ಇರಲಿಲ್ಲ. ಮುಂಡಗೋಡ ಕಡೆಯಿಂದ ಬಂದು ವಸತಿಗೃಹದಲ್ಲಿರುವ ನನ್ನ ಗೆಳೆಯನ ಮಾವನ ಮನೆ ಎರಡು ಮಹಡಿಯದು, ತ್ರೀ ಫೇಸಿನದು. ರಜೆಯಲ್ಲಿ ಅಲ್ಲಿಗೆ ಹೋಗಿ ಹಾಕಿ ನೋಡಿದೆವು. ಕೆಳಗಿನ ಎರಡು ಕೋಣೆಗಳ ನಡುವೆ ಚೆನ್ನಾಗಿಯೇ ಓಡಿತು. ಮಹಡಿಯ ಮೇಲೆ ಒಂದು ಡಬ್ಬಿಗೆ ಇನ್ನೊಂದರ ಗುರುತೇ ಹತ್ತಲಿಲ್ಲ. ಮಹಡಿಯನ್ನು ಬೇರೆ ಫೇಸಿಗೆ ಕೊಟ್ಟಿದ್ದಾರೆಂದು ವಿದ್ಯುತ್ ಕೆಲಸದವರು ಬಂದು ನೋಡಿ ಹೇಳಿದರು. ಕೆಲವು ಮನೆಗಳಲ್ಲಿ ಸಂಕೇತವು ಒಂದು ಫೇಸಿನಿಂದ ಇನ್ನೊಂದಕ್ಕೆ ಅಲ್ಪಸ್ವಲ್ಪ ಹಾರುವುದುಂಟು. ಆದರೆ ಅದನ್ನು ನೆಚ್ಚಿ ಹಣ ಹಾಕಬಾರದು.

ಎರಡನೆಯದು ಡಬ್ಬಿಯ ಮೇಲಿನ ಅಂಕೆ. 600, 1000, 1300 ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ತಂತಿಯ ಮೇಲೆ ಎಲ್ಲವೂ ಅನುಕೂಲವಾಗಿದ್ದಾಗ, ಹೋಗುವ ಬರುವ ಎರಡೂ ದಿಕ್ಕು ಸೇರಿಸಿ ಹಾಕಿದ ಲೆಕ್ಕ. ನಮ್ಮ ಕೈಗೆ ಹತ್ತುವುದು ಅದರ ಮೂರರಲ್ಲೊಂದು ಪಾಲಾದರೆ ಪುಣ್ಯ. ಇನ್ನೊಂದು ಸೋಜಿಗವೆಂದರೆ 600 ಎಂದು ಬರೆದ ಹಲವು ಡಬ್ಬಿಗಳಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯೇ 100 ಮೆಗಾಬಿಟ್ಟಿನದು. ಬಾವಿಯಲ್ಲಿ ಎಷ್ಟು ನೀರಿದ್ದರೂ ಕೊಡದಷ್ಟೇ ನೀರು ಮೇಲೆ ಬರುವುದು. ಆದುದರಿಂದ ಕಿಂಡಿಯ ವೇಗವನ್ನು ಕೇಳಿ ತಿಳಿದುಕೊಳ್ಳಬೇಕು.

ಮೂರನೆಯದು ಅರ್ಥಿಂಗ್. ಎವಿ2 ಮಾನಕದ ಕೆಲವು ಡಬ್ಬಿಗಳು ಫೇಸ್, ನ್ಯೂಟ್ರಲ್ ಅಲ್ಲದೆ ಅರ್ಥ್ ತಂತಿಯನ್ನೂ ಸಂಕೇತಕ್ಕೆ ಬಳಸಿಕೊಂಡು ವೇಗ ಹೆಚ್ಚಿಸಿಕೊಳ್ಳುತ್ತವೆ. ಹಳೆಯ ಮನೆಗಳಲ್ಲಿ ಮೂರು ಕಿಂಡಿಯ ಪ್ಲಗ್ಗಿದ್ದರೂ ಒಳಗೆ ಅರ್ಥ್ ತಂತಿ ಇರುವುದಿಲ್ಲ. ಅಂಥಲ್ಲಿ ಹೆಚ್ಚಿನ ಬೆಲೆಯ ಡಬ್ಬಿ ತಂದರೂ ಆ ಲಾಭ ದೊರೆಯದು. ಅಡಾಪ್ಟರಿನ ಮಾತು ಹಾಗಿರಲಿ, ಅರ್ಥಿಂಗ್ ಇಲ್ಲದ ಮನೆಯಲ್ಲಿ ಮೊದಲು ಅದನ್ನು ಮಾಡಿಸುವುದು ಪ್ರಾಣರಕ್ಷಣೆಗೇ ಅವಶ್ಯ. ಹೊರದೇಶದ ಪಿನ್ನುಗಳುಳ್ಳ ಡಬ್ಬಿಯನ್ನು ತಂದು, ಸಡಿಲಾದ ಕನ್ವರ್ಟರಿನಲ್ಲಿ ಸಿಕ್ಕಿಸಿ ತಿಂಗಳುಗಟ್ಟಲೆ ಬಿಡುವುದೂ ಸರಿಯಲ್ಲ. ಸಡಿಲಾದ ಕಡೆ ಬಿಸಿಯಾಗುತ್ತದೆ.

ನಾಲ್ಕನೆಯದು ಜೋಡಿ. ಹೋಮ್‌ಪ್ಲಗ್ ಜಾತಿಯ ಡಬ್ಬಿಗೂ ಜಿ.ಎಚ್‌ಎನ್ ಜಾತಿಯ ಡಬ್ಬಿಗೂ ಮಾತುಕತೆ ಇಲ್ಲ. ಎರಡನ್ನೂ ಒಂದೇ ಜಾತಿಯವನ್ನು ಕೊಳ್ಳಬೇಕು. ಮೊಬೈಲ್ ಬಳಸುವವರಿಗೆ, ಕೊನೆಯ ಕೋಣೆಯಲ್ಲಿ ತಾನೇ ವೈಫೈ ಬೀರುವ ಬಗೆಯ ಡಬ್ಬಿ ಬೇಕು. ಗಣಕಯಂತ್ರಕ್ಕೆ ಮಾತ್ರವಾದರೆ ಬರಿಯ ಕೇಬಲ್ ಕಿಂಡಿಯದು ಸಾಕು. ತಂದ ದಿನವೇ ಅದರ ಮೇಲಿನ ಪೇರ್ ಗುಂಡಿಯನ್ನು ಒತ್ತಿ ಎರಡನ್ನೂ ಜೊತೆಗೂಡಿಸಬೇಕು. ಹೋಮ್‌ಪ್ಲಗ್ ಎವಿ ಡಬ್ಬಿಗಳಿಗೆ ಕಾರ್ಖಾನೆಯಲ್ಲಿ ಹಾಕಿದ ಗುಪ್ತಕೀಲಿ ಎಲ್ಲಕ್ಕೂ ಒಂದೇ. ಸಂಕೇತವು ಮೀಟರನ್ನು ದಾಟಿ ಪಕ್ಕದ ಮನೆಗೆ ಸೋರುವ ಸಂಭವವಿರುವುದರಿಂದ, ಗುಂಡಿ ಒತ್ತಿ ಹೊಸ ಕೀಲಿ ಮಾಡಿಕೊಳ್ಳದಿದ್ದರೆ ನೆರೆಯವರ ಡಬ್ಬಿಯೂ ನಮ್ಮ ಬಳಗಕ್ಕೆ ಸೇರಿಕೊಂಡೀತು.

ಐದನೆಯದು ನಮ್ಮ ಸೀಮೆಗೆ ಎಲ್ಲಕ್ಕಿಂತ ಮುಖ್ಯವಾದುದು: ಮಳೆಗಾಲ. ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು ನಮಗೆ ಹೊಸದಲ್ಲ. ನಮ್ಮ ರೌಟರಿಗೆ ಇನ್ವರ್ಟರಿನ ಆಸರೆ ಇತ್ತು, ಅಡಾಪ್ಟರುಗಳಿಗೆ ಇರಲಿಲ್ಲ. ಒಂದು ದಿನ ಕರೆ ನಡೆದಾಗಲೇ ಕರೆಂಟು ಹೋಯಿತು. ರೌಟರಿನ ದೀಪ ಉರಿಯುತ್ತಲೇ ಇತ್ತು, ಅಕ್ಕನ ಕರೆ ಮಾತ್ರ ನಿಂತಿತು. ತರುವಾಯ ವಿದ್ಯುತ್ ಕೆಲಸದವರಿಂದ ಎರಡೂ ಕಡೆಯ ಒಂದೊಂದು ಪ್ಲಗ್ಗನ್ನು ಇನ್ವರ್ಟರಿನ ಲೈನಿಗೆ ಸೇರಿಸಿದೆವು. ಇನ್ವರ್ಟರು ಬ್ಯಾಟರಿಯ ಮೇಲೆ ಓಡುವಾಗ ತಂತಿಯಲ್ಲಿ ಗದ್ದಲ ಹೆಚ್ಚುವುದರಿಂದ ವೇಗ 26ಕ್ಕೆ ಇಳಿಯುತ್ತದೆ. ಕೆಲಸಕ್ಕೆ ಧಾರಾಳ ಸಾಕು. ಇನ್ನು ಸಿಡಿಲಿನ ಮಾತು. ಈ ಡಬ್ಬಿಯನ್ನು ರಕ್ಷಣೆಯ ಬೋರ್ಡಿಗೆ ಹಾಕುವಂತಿಲ್ಲವಾದುದರಿಂದ ಗುಡುಗು ಸಿಡಿಲು ಮೊದಲಾಗುವ ಲಕ್ಷಣ ಕಂಡೊಡನೆ ಕಿತ್ತಿಡುವುದೇ ಕ್ಷೇಮ.

ರೇಡಿಯೋಪ್ರಿಯರಿಗೂ ಒಂದು ಮಾತು. ಅಡಾಪ್ಟರಿನ ಕಂಪನಗಳು ಕಿರುತರಂಗದ ರೇಡಿಯೋ ಪಟ್ಟಿಯಲ್ಲಿಯೇ ಬೀಳುವುದರಿಂದ ಕಿರುತರಂಗ ಕೇಳುವವರಿಗೆ ಇದರಿಂದ ಕರಕರೆ ಕೇಳಿಸಬಹುದು. ನಮ್ಮಜ್ಜ ಧಾರವಾಡ ಆಕಾಶವಾಣಿಯನ್ನು ಕೇಳುತ್ತಿದ್ದ ಮಧ್ಯಮತರಂಗ ಇದಕ್ಕಿಂತ ಕೆಳಗಿನದು. ಅದರ ತಂಟೆಗೆ ಇದು ಹೋಗುವುದಿಲ್ಲ.

ಇದನ್ನೆಲ್ಲ ಕೇಳಿದ ಜೋಯಿಡಾದ ನನ್ನ ಸಹಪಾಠಿಯೊಬ್ಬ ಒಂದು ಪ್ರಶ್ನೆ ಹಾಕಿದ. 2020ರ ಕೊರೋನಾ ಕಾಲದಲ್ಲಿ ಪಾಠ ಕೇಳಲು ಊರ ಹಿಂದಿನ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತವನು ಅವನು. "ನಮ್ಮೂರಿಗೆ ಫೈಬರ್ ಬಂದಿಲ್ಲ, ಕರೆಂಟಿನ ತಂತಿ ಬಂದಿದೆ. ಅದರಲ್ಲಿಯೇ ನೆಟ್ ಬರಬಾರದೇಕೆ?" ಎಂದು ಕೇಳಿದ. ಎಂಥ ನ್ಯಾಯವಾದ ಪ್ರಶ್ನೆ! ಇದನ್ನು ಹೊರದೇಶಗಳಲ್ಲಿ ಮಾಡಿ ನೋಡಿದ್ದಾರೆ. ಅಮೆರಿಕದ ವರ್ಜೀನಿಯಾ ಪ್ರಾಂತದ ಮನಾಸಸ್ ಎಂಬ ಪಟ್ಟಣದಲ್ಲಿ 2005ರಲ್ಲಿ ಊರಿಗೆಲ್ಲ ವಿದ್ಯುತ್ ತಂತಿಯಿಂದಲೇ ಅಂತರ್ಜಾಲ ಕೊಡುವ ವ್ಯವಸ್ಥೆ ಮಾಡಿದರು. 2010ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. 50 ಕಂಪನಕ್ಕೆಂದು ಮಾಡಿದ ಟ್ರಾನ್ಸ್‌ಫಾರ್ಮರನ್ನು ಈ ಎತ್ತರದ ಸಂಕೇತ ಸರಿಯಾಗಿ ದಾಟಲಾರದು. ದೂರ ಹೆಚ್ಚಿದಂತೆ ಅದು ಸವೆಯುತ್ತದೆ. ಬಯಲಿನ ತಂತಿಗಳು ಆಂಟೆನಾದಂತೆ ವರ್ತಿಸಿ ರೇಡಿಯೋ ಹವ್ಯಾಸಿಗಳಿಗೆ ತೊಂದರೆ ಕೊಡುತ್ತವೆ. ಆದುದರಿಂದ ಮನೆಯ ಬಾಗಿಲವರೆಗೆ ಬಂದ ಅಂತರ್ಜಾಲವನ್ನು ಒಳಕೋಣೆಗೆ ಒಯ್ಯುವುದಷ್ಟೇ ಈ ಡಬ್ಬಿಯ ಶಕ್ತಿ. ಬಾಗಿಲವರೆಗೆ ತರುವುದು ಇದರಿಂದಾಗದು. ಆ ಕೆಲಸಕ್ಕೆ ಫೈಬರೋ ಮೊಬೈಲ್ ಗೋಪುರವೋ ಬರಲೇಬೇಕು. ಕಾಳಿಯ ನೀರಿಗೆ ಹಳೆಯ ಸೂಪಾವನ್ನೇ ಬಿಟ್ಟುಕೊಟ್ಟು ನಾಡಿಗೆ ಬೆಳಕು ಕೊಟ್ಟ ತಾಲೂಕಿನವನಿಗೆ ಈ ಉತ್ತರ ಕೊಡುವಾಗ ನನಗೆ ಸಂಕೋಚವಾಯಿತು. ಆದರೆ ಇಲ್ಲದ ಆಸೆ ಹುಟ್ಟಿಸಿ ಅವನಿಂದ ಹಣ ಖರ್ಚು ಮಾಡಿಸುವುದಕ್ಕಿಂತ ಅದೇ ಲೇಸೆಂದು ತೋರಿತು.

ಕೊನೆಯದಾಗಿ, ಯಾರು ಕೊಳ್ಳಬಾರದು? ದಾಂಡೇಲಿಯ ಇನ್ನೊಬ್ಬ ಗೆಳೆಯ ಇದನ್ನು ಕೊಳ್ಳಲು ಅವಸರಪಟ್ಟ. ಅವನದು ಎರಡು ಕೋಣೆಯ ಮನೆ. ಹೋಗಿ ನೋಡಿದರೆ ರೌಟರು ಮೂಲೆಯಲ್ಲಿ, ಕಬ್ಬಿಣದ ತಿಜೋರಿಯ ಹಿಂದೆ ಅಡಗಿ ಕುಳಿತಿತ್ತು! ಅದನ್ನು ಎತ್ತಿ ನಡುಬಾಗಿಲಿನ ಮೇಲಿಟ್ಟೆವು. ಮನೆಯೆಲ್ಲ ವೈಫೈ ಹರಡಿತು. ಒಂದು ಕಾಸೂ ಖರ್ಚಾಗಲಿಲ್ಲ. ಆದುದರಿಂದ ಮೊದಲು ರೌಟರಿನ ಜಾಗ ಬದಲಿಸಿ ನೋಡಬೇಕು. ಅದರಿಂದಾಗದಿದ್ದರೆ, ಗೋಡೆ ಕೊರೆಯಲು ಸಾಧ್ಯವಿದ್ದಲ್ಲಿ ಕೇಬಲನ್ನೇ ಎಳೆಯಬೇಕು. 100 ಮೀಟರಿನವರೆಗೆ ಅದು ನಿಶ್ಚಿಂತೆಯಾಗಿ ಕೆಲಸ ಮಾಡುತ್ತದೆ. ಮಿಕ್ಸರಿಗೂ ಇನ್ವರ್ಟರಿಗೂ ಅಂಜುವುದಿಲ್ಲ. ಇವೆರಡೂ ಆಗದಿದ್ದಾಗ, ದಪ್ಪಗೋಡೆಯ ಹಳೆಯ ಮನೆಯಲ್ಲಿ, ಒಂದೇ ಫೇಸಿನ ಗಟ್ಟಿಯಾದ ತಂತಿಯಿದ್ದರೆ ಪವರ್‌ಲೈನ್ ಅಡಾಪ್ಟರು ಉಪಯುಕ್ತ. ಆಗಲೂ ಯಾರಿಂದಾದರೂ ಎರವಲು ತಂದೋ, ಹಿಂದಿರುಗಿಸುವ ಕರಾರಿನ ಮೇಲೋ ಒಂದು ವಾರ ನೋಡಿ ಕೊಳ್ಳುವುದು ವಿವೇಕ.

ನಾವು ಹಾಗೆಯೇ ಮಾಡಿದೆವು. ಗುರುಗಳ ಡಬ್ಬಿಗಳನ್ನು ಹಿಂದಿರುಗಿಸಿ ಅಂಥದೇ ಒಂದು ಜೊತೆ ಕೊಂಡೆವು. ಅಕ್ಕ ಐದು ತಿಂಗಳು ಹಿತ್ತಲ ಕೋಣೆಯಿಂದಲೇ ದುಡಿದಳು. ಕೂಸು ತೊಟ್ಟಿಲಲ್ಲಿ ಮಲಗಿರುತ್ತಿತ್ತು. ಮೇಲಿನವರಿಂದ ಮೂರನೆಯ ಎಚ್ಚರಿಕೆ ಬರಲಿಲ್ಲ. ಈಗ ಆಕೆ ಗಂಡನ ಮನೆಗೆ ಮರಳಿದ್ದಾಳೆ, ನೌಕರಿ ಉಳಿದಿದೆ. ಆ ಕೋಣೆ ನನ್ನ ಓದಿನ ಕೋಣೆಯಾಗಿದೆ. ಈ ಲೇಖನವನ್ನು ಸಂಪಾದಕರಿಗೆ ಕಳಿಸುವುದೂ ಅಲ್ಲಿಂದಲೇ, ಅದೇ ದೀಪದ ತಂತಿಯ ಮೂಲಕ. ಯಾರಾದರೂ ಮಿತ್ರರಿಗೆ ಒಂದು ವಾರದ ಮಟ್ಟಿಗೆ ಪರೀಕ್ಷಿಸಿ ನೋಡಬೇಕೆನಿಸಿದರೆ ನಮ್ಮ ಜೊತೆಯನ್ನು ಎರವಲು ಕೊಡಲು ನಾನು ಸಿದ್ಧನಿದ್ದೇನೆ. ಎಕ್ಸ್‌ಟೆನ್ಶನ್ ಬೋರ್ಡಿಗೆ ಮಾತ್ರ ಸಿಕ್ಕಿಸಬಾರದು.